ಪಲ್ಯ ಬಿಟ್ಟ ತಿಂಗಳು

ನನಗೆ ಔಷಧದ ಹೆಸರು ತಿಳಿದರೆ ಸಾಲದು, ಅದು ಹೊಟ್ಟೆಗೆ ಹೋದ ಮೇಲೆ ಏನು ಮಾಡುತ್ತದೆ ಅಂತ ಗೊತ್ತಾಗಬೇಕು. ಹುಟ್ಟುಗುಣ, ಸುಟ್ಟರೂ ಹೋಗದು. ಡಾಕ್ಟರು ಚೀಟಿ ಬರೆದು ಕೈಗಿಟ್ಟರೆ ಬೇರೆಯವರು ನಮಸ್ಕಾರ ಹೇಳಿ ಎದ್ದು ಬರುತ್ತಾರೆ, ನಾನು ಕುರ್ಚಿ ಬಿಡುವುದಿಲ್ಲ. ಇದು ಒಳಗೆ ಹೋಗಿ ಏನು ಮಾಡುತ್ತದೆ, ಯಾಕೆ ಊಟಕ್ಕೆ ಮೊದಲು, ಯಾಕೆ ರಾತ್ರಿಗೇ ಆಗಬೇಕು, ಎಲ್ಲ ಕೇಳುತ್ತೇನೆ. ಹೊರಗೆ ಕಾಯುವವರು ಬಾಗಿಲಲ್ಲಿ ಇಣುಕಿ ಕೆಮ್ಮಿದರೂ ಅಷ್ಟೇ. ನನ್ನ ಗಂಡ ಇದೇ ಕಾರಣಕ್ಕೆ ನನ್ನ ಜೊತೆ ದವಾಖಾನೆಗೆ ಬರುವುದನ್ನು ಬಿಟ್ಟಿದ್ದಾರೆ. "ನೀ ಒಬ್ಬಾಕೀನ ಹೋಗಿ ಬಾರವಾ, ಅಲ್ಲೆ ನನಗ ಮಾರಿ ಎತ್ತಿ ಕೂಡಲಿಕ್ಕೆ ಆಗೂದಿಲ್ಲ" ಅನ್ನುತ್ತಾರೆ.

ಹೀಗೆ ಕೇಳಿ ಕೇಳಿಯೇ ನಮ್ಮವರ ಡಬ್ಬಿಯೊಳಗಿನ ಗುಳಿಗೆಗಳೆಲ್ಲ ನನಗೆ ಪರಿಚಯ. ಅವ್ವನ ಬಿಪಿ ಗುಳಿಗೆ ರಕ್ತನಾಳದ ಗೋಡೆಯ ಬಿಗಿಯನ್ನು ಸಡಿಲ ಮಾಡುತ್ತದೆ, ಅದರಿಂದ ಒತ್ತಡ ಇಳಿಯುತ್ತದೆ. ಅದೇ ಗುಳಿಗೆಯಿಂದ ಸಂಜೆಯ ಹೊತ್ತಿಗೆ ಆಕೆಯ ಪಾದ ಬಾತಿರುತ್ತದೆ. ನನ್ನ ಗಂಡನ ಸಕ್ಕರೆ ಕಾಯಿಲೆಯ ಗುಳಿಗೆ ಯಕೃತ್ತಿಗೆ ಬುದ್ಧಿ ಹೇಳುತ್ತದೆ. ನಾವು ಏನೂ ತಿನ್ನದೆ ಇದ್ದಾಗಲೂ ಯಕೃತ್ತು ಸುಮ್ಮನೆ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತಿರುತ್ತದಂತೆ. ಅದನ್ನು ಸಾಕು ಮಾಡಿಸುವುದು ಅದರ ಕೆಲಸ. ನನ್ನ ಥೈರಾಯ್ಡ್ ಗುಳಿಗೆಗೆ ಔಷಧ ಅನ್ನುವುದೂ ಹೆಚ್ಚಾಯಿತು. ಕತ್ತಿನ ಗ್ರಂಥಿ ಮಾಡಬೇಕಾದದ್ದನ್ನು ಕಾರ್ಖಾನೆಯಲ್ಲಿ ಮಾಡಿ ಕೊಡುತ್ತಾರೆ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಚಹಾದ ಜೊತೆ ನುಂಗಿದರೆ ಅರ್ಧ ಮೈಗೆ ಹತ್ತುವುದಿಲ್ಲ. ಆಮ್ಲದ ಗುಳಿಗೆ ಹೊಟ್ಟೆಯೊಳಗಿನ ಹುಳಿಯ ನಲ್ಲಿಗಳನ್ನು ಮುಚ್ಚುತ್ತದೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ ಅಂದರೆ ಜನ ಪೂರಾ ಉಂಡು, ಮಜ್ಜಿಗೆ ಕುಡಿದು, ಆಮೇಲೆ ನುಂಗಿ "ಇದು ಗುಣಾನ ಇಲ್ಲ" ಅನ್ನುತ್ತಾರೆ. ವಿಮಾನ ನಗರದ ನಮ್ಮ ಸೊಸೈಟಿಯಲ್ಲಿ ಮರಾಠಿ ಹೆಂಗಸರು ನನಗೆ ಡಾಕ್ಟರಿಣಬಾಯಿ ಅಂತ ಹೆಸರಿಟ್ಟಿದ್ದಾರೆ. ನಾನು ಕೆಲಸ ಮಾಡುವುದು ವಿಮೆಯ ಕಚೇರಿಯಲ್ಲಿ.

ಈ ಚಟ ನನಗೆ ಹತ್ತಿದ್ದು ಅಕ್ಕನಿಂದ. ನಮ್ಮದು ಮೂಲತಃ ಧಾರವಾಡ. ಅಪ್ಪನಿಗೆ ಸರಕಾರಿ ನೌಕರಿ ಸಿಕ್ಕು ಪುಣೆಗೆ ಬಂದು ಸ್ವಾರಗೇಟದ ಹತ್ತಿರ ಎರಡು ಕೋಣೆಯ ಮನೆ ಮಾಡಿದರು. ಅಪ್ಪ ಹೋದ ಮೇಲೂ ಅವ್ವ, ಅಕ್ಕ ಅಲ್ಲೇ ಉಳಿದರು. ನಾನು ಮದುವೆಯಾಗಿ ಊರಿನ ಈ ತುದಿಗೆ ಬಂದೆ. ಅಕ್ಕ ಮದುವೆಯಾಗಲಿಲ್ಲ.

ಅಕ್ಕನಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಂಟಲು ನೋವು ಬಂದಿತ್ತು. ಬಂತು, ಹೋಯಿತು, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಮೇಲೆ ಮೊಣಕಾಲು ಬಾತವು, ಜ್ವರ ಇಳಿಯಲಿಲ್ಲ. ಗಂಟಲಿನ ಕ್ರಿಮಿಯನ್ನು ಹೊಡೆಯಲು ಹೊರಟ ಮೈಯ ಕಾವಲು ಪಡೆ ಹೃದಯದ ಕವಾಟವನ್ನೇ ಕ್ರಿಮಿ ಅಂತ ತಿಳಿದು ಹೊಡೆದಿತ್ತು. ಆವತ್ತಿನಿಂದ ತಿಂಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು. ಚುಚ್ಚಿಸಿಕೊಂಡ ದಿನ ಅಕ್ಕ ತರಗತಿಯಲ್ಲಿ ಒಂದೇ ಮಗ್ಗುಲಾಗಿ ಕೂರುತ್ತಿದ್ದಳು. ಪೆನಿಸಿಲಿನ್ ಕ್ರಿಮಿಗೆ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳಲು ಬಿಡುವುದಿಲ್ಲ, ಗೋಡೆಯಿಲ್ಲದ ಕ್ರಿಮಿ ಒಡೆದು ಸಾಯುತ್ತದೆ. ಹೊಸ ಕ್ರಿಮಿ ಬಂದು ಇನ್ನಷ್ಟು ಕೆಡಿಸದಂತೆ ಅದು ಕಾಯಿತು. ಆದರೆ ಆಗಲೇ ಕೆಟ್ಟುಹೋದ ಕವಾಟವನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ. ಇದನ್ನು ನನಗೆ ಮೊದಲು ತಿಳಿಸಿ ಹೇಳಿದ ಮುದುಕ ಡಾಕ್ಟರು ಈಗಿಲ್ಲ. ಆವತ್ತು ನಾನು ಫ್ರಾಕು ಹಾಕಿಕೊಂಡು ಅವರ ಮೇಜಿನ ಅಂಚು ಹಿಡಿದು ನಿಂತಿದ್ದೆ.

ಬಂಧುಗಳು ಅಕ್ಕನನ್ನು ಎದೆ ರೋಗದ ಹುಡುಗಿ ಅಂದರು. ಬಂದ ಗಂಡುಗಳು ಉಪ್ಪಿಟ್ಟು ತಿಂದು ಹೋದರು. ಅಕ್ಕ ಒಂದು ಶಾಲೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ತನ್ನ ಪಾಡಿಗೆ ತಾನಿದ್ದಳು. ನಮ್ಮದು ವ್ರತ, ಉಪವಾಸ ಬಹಳ ಇರುವ ಮನೆ. ಅವ್ವ ಏಕಾದಶಿಗೆ ನೀರೂ ಮುಟ್ಟುವುದಿಲ್ಲ. ಆದರೆ ಅಕ್ಕ ಒಂದು ಸೋಮವಾರ ಮಾಡುತ್ತೇನೆ ಅಂದರೂ ಬಿಡುತ್ತಿರಲಿಲ್ಲ. "ನಿನ್ನ ಜೀವಾನ ಒಂದು ವ್ರತ. ಅದೊಂದ ನೀಟ ಮಾಡು ಸಾಕು" ಅನ್ನುತ್ತಿದ್ದಳು. ಅಕ್ಕನಿಗೆ ಈ ಮಾತು ಸೇರುತ್ತಿರಲಿಲ್ಲ. ಎಲ್ಲರಂತೆ ನಾನೂ ಮಾಡಬೇಕು ಅನ್ನುವ ಆಸೆ ಆಕೆಗೆ ಮದುವೆಯ ಆಸೆಗಿಂತಲೂ ಹೆಚ್ಚಾಗಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಐವತ್ತು ದಾಟಿದ ಮೇಲೆ ಅಕ್ಕನಿಗೆ ಒಂದು ಮಹಡಿ ಹತ್ತುವುದೂ ಆಗದಾಯಿತು. ಕವಾಟ ಬದಲಿಸಲೇಬೇಕು ಅಂದರು. ಒಂದು ಚಳಿಗಾಲದಲ್ಲಿ ಎದೆ ತೆರೆದು ಲೋಹದ ಕವಾಟ ಕೂರಿಸಿದರು. ಅಕ್ಕ ಹದಿನೈದೇ ದಿನಕ್ಕೆ ಮನೆಗೆ ಬಂದು, ತಿಂಗಳೊಪ್ಪತ್ತಿನಲ್ಲಿ ಮಹಡಿ ಹತ್ತಿ ಇಳಿದು, "ಏ, ನನಗ ತೇಕು ಹತ್ತಲೇ ಇಲ್ಲ ನೋಡಽ" ಅಂತ ಫೋನಿನಲ್ಲಿ ನಕ್ಕಳು. ನಾನು ಕಚೇರಿಯ ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ಅಷ್ಟು ಸಂತೋಷ ನನಗೆ ನನ್ನ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

ಆದರೆ ಲೋಹದ ಕವಾಟಕ್ಕೆ ಒಂದು ಗುಳಿಗೆ ಜನ್ಮಕ್ಕೂ ಗಂಟುಬಿದ್ದಿತು. ಮೈಯೊಳಗೆ ಲೋಹ ಕಂಡರೆ ರಕ್ತ ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕವಾಟವನ್ನು ಸಿಕ್ಕಿಸಿಬಿಟ್ಟರೆ ಮುಗಿಯಿತು. ಅದಕ್ಕೆ ವಾರ್ಫರಿನ್ ಕೊಡುತ್ತಾರೆ. ಎಲ್ಲರೂ ಅದನ್ನು ರಕ್ತ ತೆಳು ಮಾಡುವ ಗುಳಿಗೆ ಅನ್ನುತ್ತಾರೆ, ಡಾಕ್ಟರುಗಳೂ ಹಾಗೇ ಅನ್ನುತ್ತಾರೆ. ರಕ್ತ ತೆಳುವಾಗುವುದೇ ಇಲ್ಲ. ಹೆಪ್ಪುಗಟ್ಟಿಸುವ ಸಾಮಗ್ರಿಯನ್ನು ಯಕೃತ್ತು ತಯಾರು ಮಾಡುತ್ತದೆ, ಅದಕ್ಕೆ ಕೆ ಅನ್ನುವ ಜೀವಸತ್ವ ಬೇಕು. ಆ ಸತ್ವ ನಮಗೆ ಹೆಚ್ಚಾಗಿ ಬರುವುದು ಹಸಿರು ತಪ್ಪಲಿನಿಂದ, ನಮ್ಮ ಕಡೆ ಪಲ್ಯ ಅನ್ನುವ ಸೊಪ್ಪಿನಿಂದ. ಒಮ್ಮೆ ಬಳಸಿದ ಸತ್ವವನ್ನು ಮೈ ತಿಕ್ಕಿ ತೊಳೆದು ಮತ್ತೆ ಬಳಸುತ್ತದೆ, ಗುಳಿಗೆ ಆ ತೊಳೆಯುವ ಕೆಲಸವನ್ನು ತಡೆಯುತ್ತದೆ. ಅಂದರೆ ಒಂದು ಕಡೆ ಪಲ್ಯ, ಒಂದು ಕಡೆ ಗುಳಿಗೆ, ನಡುವೆ ಹಗ್ಗ. ಇಬ್ಬರೂ ಸರಿಸಮ ಎಳೆದರೆ ಹಗ್ಗ ನಿಂತಲ್ಲೇ ನಿಂತಿರುತ್ತದೆ. ನಿಂತಿದೆಯೋ ಇಲ್ಲವೋ ಅಂತ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ಒಂದು ಅಂಕಿ ಬರುತ್ತದೆ. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಅತ್ತ ದರಿ, ಇತ್ತ ಪುಲಿ.

ಆಸ್ಪತ್ರೆಯಿಂದ ಬಿಡುವಾಗ ಆಹಾರದವರು ಒಂದು ಕಾಗದ ಕೊಟ್ಟಿದ್ದರು, ಹಸಿರು ತರಕಾರಿ ಕಡಿಮೆ ಮಾಡಿ ಅಂತ. ನಮ್ಮ ಅಕ್ಕನಿಗೆ ಇದನ್ನು ಹೇಳುವುದೂ ಒಂದೇ, ಮೀನಿಗೆ ನೀರು ಕಡಿಮೆ ಮಾಡು ಅನ್ನುವುದೂ ಒಂದೇ. ಆಕೆಗೆ ಪಲ್ಯವಿಲ್ಲದೆ ತುತ್ತು ಇಳಿಯದು. ಮೆಂತ್ಯದ ಎಳೆ ತಪ್ಪಲನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವವಳು. ರಾಜಗಿರಿ, ಪಾಲಕ, ಸಬ್ಬಸಗಿ, ಪುಂಡಿಪಲ್ಯ ದಿನಕ್ಕೊಂದು ಆಗಬೇಕು. ಬೆಳಗಾವಿಯಿಂದ ಯಾರಾದರೂ ಸ್ವಾರಗೇಟಿನಲ್ಲಿ ಬಸ್ಸಿಳಿಯುವವರಿದ್ದರೆ "ಒಂದು ಸಿವುಡು ಹಕ್ಕರಕಿ ತರ್ರಿ, ನಿಮಗ ಪುಣ್ಯಾ ಬರತದ" ಅಂತ ಗೋಗರೆಯುತ್ತಿದ್ದಳು. ಒಂದು ವಾರ ಪಲ್ಯ ಕಡಿಮೆ ಮಾಡಿದ್ದಕ್ಕೇ ತಟ್ಟೆ ನೋಡಿ ಕಣ್ಣಲ್ಲಿ ನೀರು ತಂದಳು.

ನಾನು ಡಾಕ್ಟರ ಎದುರು ಹೋಗಿ ಕುರ್ಚಿ ಹಿಡಿದೆ. "ಇಕಿ ಪಲ್ಯ ಬಿಟ್ಟು ಬದುಕೂದಿಲ್ಲ" ಅಂತ ಮರಾಠಿಯಲ್ಲಿ ಹೇಳಿದೆ. ಡಾಕ್ಟರು ನಕ್ಕರು. "ಖಾಊ ದ್ಯಾ ತ್ಯಾಂನಾ. ಪಣ ರೋಜ ಸಾರಖಂ." ತಿನ್ನಲಿ ಬಿಡಿ, ಆದರೆ ದಿನಾ ಒಂದೇ ಸಮ ತಿನ್ನಲಿ ಅಂದರು. ಊಟವನ್ನು ಗುಳಿಗೆಗೆ ಹೊಂದಿಸುವುದು ಬೇಡ, ಗುಳಿಗೆಯನ್ನೇ ಆಕೆಯ ಊಟಕ್ಕೆ ಹೊಂದಿಸುತ್ತೇವೆ ಅಂತ ಹೇಳಿ ಪ್ರಮಾಣ ಏರಿಸಿದರು. ಎರಡು ಪರೀಕ್ಷೆಯಲ್ಲಿ ಅಂಕಿ ಹದಕ್ಕೆ ಬಂತು, ಆಮೇಲೆ ಅಲ್ಲೇ ನಿಂತಿತು. ಅಕ್ಕ ಮತ್ತೆ ಬಟ್ಟಲು ಬಟ್ಟಲು ಪಲ್ಯ ಉಂಡಳು. ಅವ್ವನ ತಲೆಯಲ್ಲಿ ಮಾತ್ರ ಆ ಮೊದಲ ಕಾಗದವೇ ಉಳಿಯಿತು. ಈ ಗುಳಿಗೆಗೆ ಪಲ್ಯ ಆಗಿಬರುವುದಿಲ್ಲ, ಮಗಳ ಹಟಕ್ಕೆ ಡಾಕ್ಟರು ಸೋತಿದ್ದಾರೆ, ಇದು ಅವ್ವ ತಿಳಿದುಕೊಂಡ ಅರ್ಥ.

ಬೇಸಿಗೆ ಕಳೆಯಿತು. ಯಾತ್ರಿಕರ ಪಾಲಖಿ ಊರು ದಾಟಿ ಪಂಢರಪುರದ ದಾರಿ ಹಿಡಿಯಿತು. ಆಷಾಢ ಏಕಾದಶಿ ಬಂತು ಅಂದರೆ ನಮ್ಮಲ್ಲಿ ಚಾತುರ್ಮಾಸ್ಯದ ವ್ರತ ಹಿಡಿಯುತ್ತಾರೆ. ನಾಲ್ಕು ತಿಂಗಳು, ತಿಂಗಳಿಗೊಂದು ಬಿಡಬೇಕು. ಮೊದಲ ತಿಂಗಳು ಶಾಕವ್ರತ, ತರಕಾರಿ ಅನ್ನುವುದು ಒಂದೂ ಇಲ್ಲ. ಕಾಯಿ, ಗಡ್ಡೆ, ತಪ್ಪಲು, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವಿನ ಎಲೆ ಸಹ ಇಲ್ಲ. ಎರಡನೆಯ ತಿಂಗಳು ಮೊಸರು ಇಲ್ಲ, ಮೂರನೆಯದಕ್ಕೆ ಹಾಲು, ಕಡೆಯದಕ್ಕೆ ಬೇಳೆ. ಮೊದಲ ತಿಂಗಳ ಊಟ ಅಂದರೆ ಹೆಸರುಬೇಳೆಯ ತೊವ್ವೆ, ಮೆಣಸು, ಜೀರಿಗೆ, ಒಣ ಮಾವಿನಕಾಯಿ ಪುಡಿ, ತುಪ್ಪ. ನಾನು ಇದನ್ನೆಲ್ಲ ಮದುವೆಯಾದ ಮೇಲೆ ಬಿಟ್ಟವಳು. ನಮ್ಮ ಯಜಮಾನರು ಆಚಾರ ಹೇಳುತ್ತಾರೆ, ಬದನೆಕಾಯಿ ತಿನ್ನುತ್ತಾರೆ.

ಅಕ್ಕ ಪ್ರತಿ ವಾರ ಕನ್ನಡದ ಹೆಂಗಸರ ಭಜನಾ ಮಂಡಳಿಗೆ ಹೋಗುತ್ತಿದ್ದಳು. ಅಲ್ಲಿ ಎಲ್ಲರೂ ವ್ರತ ಹಿಡಿಯುವವರು. ಆ ವರ್ಷ ಅಕ್ಕ ತಾನೂ ಹಿಡಿಯುತ್ತೇನೆ ಅಂದಳು. "ದೇವರು ಎರಡನೇ ಜನ್ಮ ಕೊಟ್ಟಾನ, ನಾ ನಾಕ ತಿಂಗಳಾ ನಾಲಿಗಿ ಬಿಗಿ ಹಿಡಿಯಲಿಕ್ಕೆ ಆಗೂದಿಲ್ಲೇನು?" ಅಂತ ಅವ್ವನನ್ನು ಕೇಳಿದಳಂತೆ. ಇಷ್ಟು ವರ್ಷ ಬೇಡ ಅಂದ ಅವ್ವನಿಗೂ ಈ ಸಲ ಬೇಡ ಅನ್ನಲು ಕಾರಣ ಸಿಗಲಿಲ್ಲ. ಎದೆ ಸರಿಯಾಗಿತ್ತು. ಪಲ್ಯ ಬಿಡುವುದಂತೂ ಅವ್ವನ ಲೆಕ್ಕದಲ್ಲಿ ಆಸ್ಪತ್ರೆಯವರು ಮೊದಲೇ ಹೇಳಿದ್ದ ಮಾತು. ಅವ್ವ ನನಗೆ ಫೋನು ಮಾಡಿ ಖುಷಿಯಿಂದಲೇ ಹೇಳಿದಳು.

"ಕೇಳಿದ್ಯಾ, ನಿಮ್ಮ ಅಕ್ಕ ವ್ರತಾ ಹಿಡದಾಳ. ಡಾಕ್ಟರ ಕೈಲೆ ಆಗಲಾರದ್ದು ಈಗ ದೇವರು ಮಾಡಿಸ್ಲಿಕತ್ತಾನ ನೋಡು."

"ಮಾಡ್ಲಿ ಬಿಡವ್ವಾ, ಆಕೀಗೂ ಆಶಾ ಅದ" ಅಂದೆ ನಾನು. ಸೋಮವಾರದ ಸಭೆಗೆ ಕಾಗದ ಜೋಡಿಸುತ್ತಿದ್ದೆ. ನನಗೆ ವ್ರತ ಅಂದರೆ ಅಡಿಗೆಮನೆಯ ಗಡಿಬಿಡಿ, ಔಷಧ ಅಂದರೆ ಡಬ್ಬಿ. ಒಂದಕ್ಕೊಂದು ಸಂಬಂಧವಿದೆ ಅಂತ ನನಗೂ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ.

ಗುಳಿಗೆ ಮೊದಲಿನಷ್ಟೇ ಜೋರಾಗಿ ಎಳೆಯುತ್ತಿತ್ತು. ಎದುರು ಎಳೆಯುವವರು ಕೈಬಿಟ್ಟಿದ್ದರು. ಅದರ ಮೇಲೆ ಅಕ್ಕ ಒಪ್ಪತ್ತು ಊಟವನ್ನೂ ಹಿಡಿದಿದ್ದಳು. ತಿಂಗಳ ಪರೀಕ್ಷೆ ವ್ರತಕ್ಕೆ ಮೊದಲು ಆಗಿತ್ತು, ಅಂಕಿ ಚೆನ್ನಾಗಿತ್ತು. ಮುಂದಿನದಕ್ಕೆ ಇನ್ನೂ ದಿನವಿತ್ತು.

ವ್ರತ ಹಿಡಿದು ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ನಾನು ಹೋದಾಗ ಅಕ್ಕ ತೆಳ್ಳಗೆ ಕಂಡಳು, ಆದರೆ ಮುಖದಲ್ಲಿ ಒಂದು ಗೆಲುವಿತ್ತು. "ನಾ ಹಟಾ ಸಾಧಿಸಿದೆ ಹೌದಿಲ್ಲೋ?" ಅಂದಳು. "ನಿನ್ನ ಮುಂದ ಮೆಂತ್ಯಾ ಹಿಡದು ಓಡಾಡಿದ್ರ ಗೊತ್ತಾಗತದ" ಅಂತ ನಾನು ಕಾಡಿದೆ. ಅಕ್ಕ ಬಿದ್ದು ಬಿದ್ದು ನಕ್ಕಳು. ನಗುವಾಗ ಹಲ್ಲಿನ ಸಂದಿಯಲ್ಲಿ ಕೆಂಪು ಕಂಡಿತು. ಏನದು ಅಂತ ಕೇಳಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಸ್ವಲ್ಪ ರಕ್ತ ಬರುತ್ತದೆ ಅಂದಳು. ಒಳಗಿನಿಂದ ಅವ್ವ ಕೂಗಿ ಹೇಳಿದಳು: "ಮೆಣಸಿನ ಕಾವು ಅದು. ಮೆಣಸಿನಕಾಯಿ ಬಿಟ್ಟು ದಿನಾ ಕರಿಮೆಣಸು ತಿಂದ್ರ ಕಾವು ಏರೂದಽ. ನಾ ತುಪ್ಪಾ ಜಾಸ್ತಿ ಹಾಕ್ಲಿಕತ್ತೀನಿ, ಇಳೀತದ." ವ್ರತದ ತಿಂಗಳಲ್ಲಿ ಕಾರಕ್ಕೆ ಇರುವುದು ಕರಿಮೆಣಸು ಒಂದೇ, ಎಲ್ಲರ ಮನೆಯಲ್ಲೂ ಬಾಯಿ ಹುಣ್ಣು, ಉರಿ ಇದ್ದದ್ದೇ. ಆ ಮಾತಿನಲ್ಲಿ ನಂಬದಿರುವಂಥದ್ದು ಏನೂ ಇರಲಿಲ್ಲ. ಆದರೂ ನಾನು ನಾಳೆಯೇ ರಕ್ತ ಪರೀಕ್ಷೆ ಮಾಡಿಸು ಅಂದೆ. ಅಕ್ಕ ಹೂಂ ಅಂದಳು. ಸೋಮವಾರ ಜೋರು ಮಳೆ, ಮಂಗಳವಾರ ತಲೆನೋವು, ಬುಧವಾರ ಮಾಡಿಸುತ್ತೇನೆ ಅಂದಳು.

ಬುಧವಾರ ಮಧ್ಯಾಹ್ನ ಅವ್ವನ ಫೋನು ಬಂತು. "ಲಗೂನ ಬಾ. ಅಕ್ಕ ಮಾತಾಡವಲ್ಲಳು. ಕಣ್ಣ ತಗೀವಲ್ಲಳು."

ನೆರೆಮನೆಯವರು ಆಕೆಯನ್ನು ಹತ್ತಿರದ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ನಾನು ರಿಕ್ಷಾ ಹಿಡಿದು ಇಡೀ ಊರು ದಾಟಿ ಹೋಗುವಷ್ಟರಲ್ಲಿ ತಲೆಯ ಚಿತ್ರ ತೆಗೆದಾಗಿತ್ತು. ಮಿದುಳಿನ ಎಡಗಡೆ ರಕ್ತ ಸುರಿದಿತ್ತು. ಇರಬೇಕಾದ ಅಂಕಿ ಎರಡೂವರೆಯಿಂದ ಮೂರೂವರೆ. ಅಕ್ಕನದು ಅವರ ಯಂತ್ರ ಅಳೆಯುವ ಮಿತಿಯನ್ನೇ ದಾಟಿತ್ತು.

ಅಲ್ಲಿದ್ದ ತರುಣ ಡಾಕ್ಟರು ನಾನೂ ಅವ್ವನೂ ಮಾತಾಡುವುದನ್ನು ಕೇಳಿ ಹತ್ತಿರ ಬಂದರು. "ಕನ್ನಡದವ್ರಾ? ನಾನು ಮೈಸೂರು ಕಡೆಯವನು" ಅಂದರು. ಆ ಹೊತ್ತಿನಲ್ಲಿ ಕನ್ನಡ ಕಿವಿಗೆ ಬಿದ್ದದ್ದಕ್ಕೆ ಅವ್ವ ಅವರ ಕೈ ಹಿಡಿದುಕೊಂಡಳು. ಅವರು ಬಗ್ಗಿ ಮೆಲ್ಲಗೆ ಕೇಳಿದರು: "ಅಮ್ಮ, ಹೊಸದಾಗಿ ಯಾವ್ದಾದ್ರೂ ಟ್ಯಾಬ್ಲೆಟ್ ಶುರು ಮಾಡಿದ್ರಾ? ಜ್ವರಕ್ಕೆ, ಕೆಮ್ಮಿಗೆ, ಆ್ಯಂಟಿಬಯೋಟಿಕ್ ಏನಾದ್ರೂ?"

"ಏನೂ ಇಲ್ಲಪಾ."

"ನಾಟಿ ಔಷಧಿ, ಕಷಾಯ?"

"ಇಲ್ಲ."

"ಊಟ ಸರಿಯಾಗಿ ಮಾಡ್ತಿದ್ರಾ?"

ಅವ್ವ ತಲೆ ಎತ್ತಿ ಹೇಳಿದಳು. "ಊಟಾ ಭಾಳ ಶುದ್ಧಪಾ. ಆಕಿ ವ್ರತದಾಗ ಇದ್ದಾಳ. ಆಷಾಢ ಏಕಾದಶಿಯಿಂದ ಒಂದು ತಪ್ಪಲ ಪಲ್ಯಾ ಸೈತ ಮುಟ್ಟಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ಆ ಕ್ಷಣಕ್ಕೆ ನನಗೆ ತಿಳಿಯಿತು. ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ, "ಮೇಡಂ, ಸೊಪ್ಪು ಜಾಸ್ತಿ ತಿನ್ನೋವ್ರು ಅಂತ ಡೋಸ್ ಹೈ ಇಟ್ಟಿದ್ರು ಅಲ್ವಾ? ಸಡನ್ನಾಗಿ ಪೂರ್ತಿ ನಿಲ್ಲಿಸಿದ್ರೆ ಅದೇ ಡೋಸ್ ತುಂಬಾ ಜಾಸ್ತಿ ಆಗೋಗುತ್ತೆ" ಅಂದರು. ನನಗೆ ಗೊತ್ತಿತ್ತು. ಇಡೀ ಪುಣೆಯಲ್ಲಿ ಆ ಹೊತ್ತು ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ.

"ನಮ್ಮ ಅವ್ವಗ ಮಾತ್ರ ಹೇಳಬ್ಯಾಡ್ರಿ" ಅಂದೆ.

"ಇಲ್ಲ ಮೇಡಂ. ನಾವ್ಯಾರೂ ಹೇಳಲ್ಲ."

ಅವರು ವಾರ್ಫರಿನ್ ನಿಲ್ಲಿಸಿದರು. ಯಾರೋ ದಾನ ಕೊಟ್ಟ ರಕ್ತದ ಹಳದಿ ದ್ರವವನ್ನು ಏರಿಸಿದರು, ಅದರಲ್ಲಿ ಹೆಪ್ಪುಗಟ್ಟಿಸುವ ಸಾಮಗ್ರಿ ಸಿದ್ಧವಾಗಿ ಇರುತ್ತದೆ. ಮತ್ತೊಂದು ಸಣ್ಣ ಸೂಜಿಯಿಂದ ಜೀವಸತ್ವ ಕೆ ಕೊಟ್ಟರು. ಅಕ್ಕ ದೇವರಿಗೆ ಅಂತ ತಟ್ಟೆಯಿಂದ ತೆಗೆದಿಟ್ಟದ್ದನ್ನೇ ನರದೊಳಗೆ ಬಿಡುತ್ತಿದ್ದರು. ನಾನು ಗಾಜಿನ ಆಚೆ ನಿಂತು ನೋಡಿದೆ. ನನಗೆ ದೇವರ ಮೇಲೆ ಸಿಟ್ಟು ಬಂತು, ಡಾಕ್ಟರ ಮೇಲೆ ಬಂತು, ಆ ಕಾಗದದ ಮೇಲೆ ಬಂತು. ಹಸಿರು ಕಡಿಮೆ ಮಾಡಿ ಅಂತ ಬರೆಯುವವರು, ಒಮ್ಮೆಲೇ ನಿಲ್ಲಿಸಿದರೆ ಸಾಯುತ್ತೀರಿ ಅಂತ ಯಾಕೆ ಬರೆಯುವುದಿಲ್ಲ? ಏಕಾದಶಿಗೂ ಶ್ರಾವಣಕ್ಕೂ ಅರ್ಧ ಊರೇ ಉಪವಾಸ ಬೀಳುವ ಈ ಪುಣೆಯಲ್ಲಿ, ನೀವು ಉಪವಾಸ ಮಾಡುತ್ತೀರಾ ಅಂತ ಒಬ್ಬರಾದರೂ ಕೇಳಬಾರದೇ? ಎಲ್ಲ ಪ್ರಶ್ನೆ ಕೇಳುವ ನಾನೂ ಅದೊಂದನ್ನು ಕೇಳಿರಲಿಲ್ಲ.

ರಕ್ತ ಸುರಿಯುವುದು ನಿಂತಿತು. ಎರಡು ದಿನದ ಮೇಲೆ ಅಕ್ಕ ಕಣ್ಣು ಬಿಟ್ಟಳು. ಬಲಗೈ ಏಳಲಿಲ್ಲ, ಮಾತು ಬರಲಿಲ್ಲ. ಆದರೆ ಗುರುತು ಹಿಡಿದಳು. ನಾನು "ಅಕ್ಕಾ" ಅಂದರೆ ಎಡಗೈಯ ಬೆರಳಿನಿಂದ ನನ್ನ ಬೆರಳನ್ನು ಹಿಸುಕಿದಳು. ಅವ್ವ ಆಕೆಯ ಹಣೆಗೆ ದೇವರ ಅಂಗಾರ ಹಚ್ಚಲು ಹೋಗಿ ನರ್ಸಿನಿಂದ ಬೈಸಿಕೊಂಡಳು. ಕೈ ಹೋದರೆ ಹೋಗಲಿ, ಮಾತು ಹೋದರೆ ಹೋಗಲಿ, ನಾನು ಉಣಿಸುತ್ತೇನೆ, ಕೂರಿಸುತ್ತೇನೆ, ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂತ ನಾನು ಲೆಕ್ಕ ಹಾಕತೊಡಗಿದೆ. ಮಗಳ ಕೋಣೆಯ ಮಂಚವನ್ನು ಯಾವ ಗೋಡೆಗೆ ಸರಿಸಬೇಕು ಅಂತ ಗಂಡನಿಗೆ ಹೇಳಿಯೂ ಬಿಟ್ಟೆ.

ಆದರೆ ಎದೆಯಲ್ಲಿ ಲೋಹ ಇತ್ತು. ವಾರ್ಫರಿನ್ ನಿಲ್ಲಿಸಿ ಎಷ್ಟು ದಿನ ಇರಬಹುದು, ಮತ್ತೆ ಯಾವಾಗ ಶುರು ಮಾಡಬೇಕು ಅಂತ ಹೃದಯದ ಡಾಕ್ಟರೂ ಮಿದುಳಿನ ಡಾಕ್ಟರೂ ಅಕ್ಕನ ಹಾಸಿಗೆಯ ಪಕ್ಕದಲ್ಲೇ ನಿಂತು ಚರ್ಚೆ ಮಾಡಿದರು. ಕೊಟ್ಟರೆ ಮಿದುಳು ಮತ್ತೆ ಸುರಿಯುತ್ತದೆ, ಕೊಡದಿದ್ದರೆ ಕವಾಟ ಸಿಕ್ಕಿಕೊಳ್ಳುತ್ತದೆ. ಇನ್ನೆರಡು ದಿನ ನೋಡೋಣ ಅಂದರು. ಅವರದೂ ತಪ್ಪಲ್ಲ, ಅಲ್ಲಿ ಸರಿ ಅನ್ನುವುದು ಯಾವುದೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನಿಗೆ ತೇಕು ಹತ್ತಿತು. ಕವಾಟದ ಮೇಲೆ ಹೆಪ್ಪು ಕೂತಿತ್ತು. ಹೆಪ್ಪು ಕರಗಿಸುವ ಔಷಧ ಇದೆ, ಆದರೆ ತಲೆಯಲ್ಲಿ ರಕ್ತ ಸುರಿದವರಿಗೆ ಅದನ್ನು ಕೊಡುವ ಹಾಗಿಲ್ಲ. ಮತ್ತೆ ಎದೆ ತೆರೆಯುವಷ್ಟು ಶಕ್ತಿ ಆಕೆಯಲ್ಲಿ ಉಳಿದಿರಲಿಲ್ಲ. ಮಧ್ಯಾಹ್ನದ ಊಟದ ಗಾಡಿ ವಾರ್ಡಿನಲ್ಲಿ ಬರುವ ಹೊತ್ತಿಗೆ ಅಕ್ಕ ಹೋದಳು.

ದಿನಕರ್ಮಗಳು ಅದೇ ಎರಡು ಕೋಣೆಯ ಮನೆಯಲ್ಲಿ ನಡೆದವು. ಧಾರವಾಡದಿಂದ ಬಂಧುಗಳು ಬಂದರು. ಭಜನಾ ಮಂಡಳಿಯ ಹೆಂಗಸರು ಬಂದರು. ಅವರಲ್ಲಿ ಹಿರಿಯರೊಬ್ಬರು ಅವ್ವನ ಬೆನ್ನು ಸವರುತ್ತ, "ವ್ರತದಾಗ ಹೋದ್ಲು, ಪುಣ್ಯವಂತಿ. ಎಷ್ಟ ಮಂದಿಗೆ ಸಿಗತದ್ರಿ ಇಂಥಾ ಸಾವು!" ಅಂದರು.

ನನಗೆ ತಡೆಯಲಾಗಲಿಲ್ಲ. "ಅಷ್ಟ ಛಲೋ ಇದ್ರ ನೀವ ತಗೋಬೇಕಾಗಿತ್ತಲ್ರಿ ಅದನ್ನ" ಅಂದುಬಿಟ್ಟೆ.

ನನ್ನ ಗಂಡ ನನ್ನ ರಟ್ಟೆ ಹಿಡಿದು ಒಳಕ್ಕೆ ಕರೆದುಕೊಂಡು ಹೋದರು. ಆ ಮುದುಕಿ ಒಳ್ಳೆಯವರು, ಅಕ್ಕನಿಗೆ ಎಷ್ಟೋ ಹಾಡು ಕಲಿಸಿದವರು. ಅವರಿಗೆ ಏನು ಗೊತ್ತು? ಆದರೂ ನನಗೆ ಇವತ್ತಿಗೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿಲ್ಲ. ಬಂದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟೆ. ಹೃದಯ ಮೊದಲಿಂದಲೂ ಸೂಕ್ಷ್ಮ, ಏನೋ ಆಯಿತು. ಮನೆಯಲ್ಲಿ ಗಂಡನಿಗೂ ಮಗಳಿಗೂ ಅವ್ವನೆದುರು ಪಲ್ಯದ ಸುದ್ದಿ ತೆಗೆಯಕೂಡದು ಅಂತ ತಾಕೀತು ಮಾಡಿದೆ. ಅಕ್ಕನಿಗೆ ತುಪ್ಪ ಸುರಿದು ಬಡಿಸಿದ ಕೈಗಳು ಅವ್ವನವು. ಎಂಬತ್ತರ ಹತ್ತಿರದ ಜೀವ, ಅದರ ತಲೆಗೆ ಈ ಕಲ್ಲು ಕಟ್ಟುವುದು ನನ್ನಿಂದಾಗದು.

ಶಾಕವ್ರತದ ತಿಂಗಳು ಮುಗಿಯಿತು. ನಾನು ಅವ್ವನ ಜೊತೆಗೇ ಇದ್ದೆ, ಆಕೆ ಆ ಮನೆ ಬಿಟ್ಟು ಬರಲು ಒಪ್ಪಿರಲಿಲ್ಲ. ಒಂದು ಬೆಳಿಗ್ಗೆ ಕೆಳಗೆ ಗಾಡಿಯವಳು ಬಂದಾಗ ರಾಜಗಿರಿ ತಂದೆ. ಏನಾದರೂ ಬೇಯಿಸಿ ಅವ್ವನ ಬಾಯಿಗೆ ರುಚಿ ಬರಿಸಬೇಕಿತ್ತು. ಅವ್ವ ಮೊರ ಎಳೆದುಕೊಂಡು ತಪ್ಪಲು ಸೋಸಲು ಕೂತಳು. ನಾನು ಎದುರು ಕೂತೆ.

ಕೈಯಲ್ಲಿದ್ದ ದಂಟನ್ನು ಮುರಿಯದೆ ಹಿಡಿದುಕೊಂಡು ಅವ್ವ ಕೇಳಿದಳು. "ಖರೇ ಹೇಳು. ಪಲ್ಯಾ ಬಿಟ್ಟದ್ದಕ್ಕ ಹಿಂಗಾತೇನು? ಆವತ್ತು ನಾ ವ್ರತಾ ಅಂದಕೂಡ್ಲೆ ಆ ಡಾಕ್ಟರ ಮಾರಿ ಹೆಂಗ ಆತು, ನಾ ನೋಡೀನಿ."

ನಾನು ಸುಳ್ಳು ಹೇಳಿ ಯಾರನ್ನೂ ಸಮಾಧಾನ ಮಾಡುವವಳಲ್ಲ, ಮನೆಯಲ್ಲಿ ಎಲ್ಲರಿಗೂ ಅದು ಗೊತ್ತು. ಆ ದಿನ ಮಾತ್ರ ಒಂದು ಉತ್ತರವನ್ನು ಮೊದಲೇ ತಯಾರಿಟ್ಟುಕೊಂಡಿದ್ದೆ. "ಇಲ್ಲವ್ವಾ. ವ್ರತದ್ದೇನೂ ಇಲ್ಲ. ಆ ರಕ್ತದ ಗುಳಿಗಿ ಅದಲಾ, ಅದು ಆಕಿ ಮೈಗೆ ಹೆಚ್ಚಾತು. ಒಮ್ಮೊಮ್ಮೆ ಹಂಗಾಗತದ. ನಿಂದೇನೂ ತಪ್ಪಿಲ್ಲ, ನಿನ್ನ ಅಡಿಗೀದೂ ತಪ್ಪಿಲ್ಲ. ಗುಳಿಗೀನ ಹೆಚ್ಚಾತು, ಅಷ್ಟ." ಪೂರ್ತಿ ಸುಳ್ಳೂ ಅಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಅವ್ವ ತಲೆಯಾಡಿಸಿದಳು. ಇನ್ನೊಂದು ದಂಟು ತೆಗೆದುಕೊಂಡಳು. ನಂಬಿದಳು ಅಂತ ನನಗೆ ಉಸಿರು ಬಂತು.

"ತಲಿನೋವು ಸುರು ಆದ ದಿವಸ ಆಕಿ ಒಲ್ಲೆ ಅಂದಿದ್ಲು," ಅಂದಳು ಅವ್ವ. "ತಲಿ ಸಿಡೀತದ, ಇವತ್ತೊಂದಿನ ಆ ಗುಳಿಗಿ ಬ್ಯಾಡವ್ವಾ, ಅದನ್ನ ಕಂಡ್ರ ವಾಂತಿ ಬಂದಂಗ ಆಗತದ ಅಂತ ಬಾಯಿ ಮುಚ್ಚಿಕೊಂಡು ಕೂತ್ಲು. ಗುಳಿಗಿ ತಪ್ಪಿದ್ರ ಎದಿ ನಿಲ್ತದ ಅಂತ ಹೆದರಿಕಿ ನನಗ. ಬೈದೆ. ಗಲ್ಲಾ ಹಿಡದು ಬಾಯಿ ತಗಸಿ ನಾನಽ ಹಾಕಿದೆ. ಮರುದಿನಾನೂ ನಾನಽ ಹಾಕಿದೆ."

ನಾನು ಆಕೆಯ ಕೈ ಹಿಡಿಯಲು ಹೋದೆ. ಅವ್ವ ಕೈ ಕೊಡಲಿಲ್ಲ. ಮೊರದಲ್ಲಿದ್ದ ತಪ್ಪಲನ್ನೆಲ್ಲ ಒಟ್ಟುಮಾಡಿ ನನ್ನ ಕಡೆ ಸರಿಸಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.